ಹಿಮ ಬೀಳದ ನಾಡಿನಲ್ಲಿ ಹಿಮದ ಹರಳು



ಯಾರ ನೆನಪಿಗಾಗಿ ಈ ಉಪನ್ಯಾಸ ನಡೆಯುತ್ತಿದೆಯೋ ಆ ಮೇಷ್ಟರ ಪಾಠ ಕೇಳುವ ಭಾಗ್ಯ ನನಗಿರಲಿಲ್ಲ. ಅವರ ಶಿಷ್ಯರೊಬ್ಬರು ಹೇಳಿದ ಒಂದು ಮಾತು ಮಾತ್ರ ನನ್ನೊಳಗೆ ಉಳಿದಿದೆ. ಮೇಷ್ಟರ ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ ಇರುತ್ತಿತ್ತಂತೆ. ಪಾಠ ಶುರುವಾಗುವ ಮೊದಲು ಅದು ಬೆಂಚಿನಿಂದ ಬೆಂಚಿಗೆ ಒಂದು ಸುತ್ತು ಹೋಗಿ ಬರಬೇಕು. ಅಂಗೈ ಗೆರೆಯನ್ನೋ ಇರುವೆಯನ್ನೋ ಸೀಮೆಸುಣ್ಣದ ಪುಡಿಯನ್ನೋ, ಯಾರು ಏನನ್ನು ಬೇಕಾದರೂ ನೋಡಬಹುದು. ಆದರೆ ನೋಡಿದ್ದನ್ನು ಎದ್ದು ನಿಂತು ಹೇಳಬೇಕು. ಈ ಹೊತ್ತಿನ ನನ್ನ ಮಾತೂ ಅಷ್ಟೇ. ಭೂತಗನ್ನಡಿಯಲ್ಲಿ ಒಂದನ್ನು ನೋಡಿದ್ದೇನೆ, ಎದ್ದು ನಿಂತು ಹೇಳುತ್ತಿದ್ದೇನೆ.

ನಿಸರ್ಗ, ವಿಜ್ಞಾನ, ಛಾಯಾಚಿತ್ರ, ಇವುಗಳಲ್ಲಿ ಕಾಣುವ ಬೆರಗಿನ ಬಗ್ಗೆ ಮಾತಾಡಿ ಎಂದು ಕರೆದರು. ಹಾಗೆಂದಕೂಡಲೇ ಎಲ್ಲರ ಕಣ್ಣ ಮುಂದೆ ಬರುವ ಚಿತ್ರಗಳಿವೆ. 1968ರ ಡಿಸೆಂಬರ್ 24ರಂದು ಅಪೊಲೊ 8ರ ಕಿಟಕಿಯಿಂದ ಬಿಲ್ ಆ್ಯಂಡರ್ಸ್ ತೆಗೆದ, ಚಂದ್ರನ ಅಂಚಿನಾಚೆ ಭೂಮಿ ಮೂಡುವ ಚಿತ್ರ. 1990ರಲ್ಲಿ ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ವಾಯೇಜರ್ 1 ತಿರುಗಿ ನೋಡಿದಾಗ ಧೂಳಿನ ಕಣದಷ್ಟೇ ಆಗಿ ಕಂಡ ಇದೇ ಭೂಮಿ. ದೊಡ್ಡ ಚಿತ್ರಗಳು, ನಿಜ. ಅವುಗಳ ಬಗ್ಗೆ ಬಲ್ಲವರು ಬಹಳ ಮಾತಾಡಿದ್ದಾರೆ. ನಾನು ಆರಿಸಿಕೊಂಡಿರುವುದು ಉಗುರಿನ ತುದಿಯಲ್ಲಿ ಕೂರುವ, ಉಸಿರು ತಾಕಿದರೆ ಇಲ್ಲವಾಗುವ ಒಂದು ವಸ್ತುವಿನ ಚಿತ್ರವನ್ನು. ನಮ್ಮ ನಾಡಿನಲ್ಲಿ ಬೀಳದೇ ಇರುವ ಹಿಮದ ಹರಳನ್ನು.

ಆ ಚಿತ್ರ ನನಗೆ ಮೊದಲು ಸಿಕ್ಕಿದ್ದು ಬೆಲ್ಲದ ಜೊತೆಗೆ. ನಮ್ಮದು ಚಿತ್ರದುರ್ಗದ ಕಡೆಯ ಬಯಲುಸೀಮೆ. ನನಗೆ ಹತ್ತೋ ಹನ್ನೊಂದೋ ವಯಸ್ಸು. ಅಂಗಡಿಯವರು ರದ್ದಿಗೆ ಬಂದ ಯಾವುದೋ ಪರದೇಶದ ಪತ್ರಿಕೆಯ ಹಾಳೆಯಲ್ಲಿ ಅಚ್ಚುಬೆಲ್ಲ ಕಟ್ಟಿಕೊಟ್ಟಿದ್ದರು. ಮನೆಗೆ ಬಂದು ಬಿಡಿಸಿದರೆ ಕಡುಗಪ್ಪು ಹಾಳೆಯ ಮೇಲೆ ಬೆಳ್ಳಗೆ ಹೊಳೆಯುವ, ಆರು ದಳದ ಹೂಗಳು. ಒಂದರಂತೆ ಇನ್ನೊಂದಿಲ್ಲ, ಆದರೆ ಎಲ್ಲಕ್ಕೂ ದಳ ಆರೇ. ಅಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ‘ಇದು ಸಂದುಚುಕ್ಕಿ, ಏಳರಿಂದ ನಾಲ್ಕು’ ಎಂದಳು. ರಂಗೋಲಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಡುವಿನ ಸಾಲಿನಲ್ಲಿ ಏಳು ಚುಕ್ಕಿ, ಅದರ ಮೇಲೂ ಕೆಳಗೂ ಚುಕ್ಕಿಗಳ ಸಂದಿನಲ್ಲಿ ಆರು, ಮತ್ತೆ ಐದು, ಮತ್ತೆ ನಾಲ್ಕು. ಒಟ್ಟು ಮೂವತ್ತೇಳು ಚುಕ್ಕಿ. ತಾನೇ ತಾನಾಗಿ ಆರು ಮೂಲೆ. ಮಾರನೆಯ ದಿನ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಆ ಹೂ ಇತ್ತು. ಹಿಮ ಎಂದರೇನೆಂದು ಅಮ್ಮ ಕಂಡವಳಲ್ಲ. ಹಾಗಿದ್ದೂ ಹಿಮ ಕಟ್ಟುವ ವಿನ್ಯಾಸದ ಒಳಗುಟ್ಟನ್ನು ಅವಳ ಬೆರಳು ಹಿಡಿದಿತ್ತು. ಇದು ಉತ್ಪ್ರೇಕ್ಷೆಯಲ್ಲ, ಯಾಕೆಂದು ಮುಂದೆ ಹೇಳುತ್ತೇನೆ.

ಪರದೆಯ ಮೇಲೆ ಈಗ ಕಾಣುತ್ತಿರುವುದು ಅಂಥದೇ ಚಿತ್ರ. ತೆಗೆದವನು ವಿಲ್ಸನ್ ಬೆಂಟ್ಲಿ. ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಊರಿನ ರೈತ. ಹುಟ್ಟಿದ್ದು 1865ರ ಫೆಬ್ರುವರಿ 9ರಂದು. ತಾಯಿ ಹಿಂದೆ ಶಾಲೆಯಲ್ಲಿ ಕಲಿಸುತ್ತಿದ್ದವರು, ಮಗನಿಗೆ ಬಹುಪಾಲು ಪಾಠ ಮನೆಯಲ್ಲೇ. ಅವರಲ್ಲಿ ಒಂದು ಹಳೆಯ ಸೂಕ್ಷ್ಮದರ್ಶಕವಿತ್ತು. ಹದಿನೈದರ ಹುಡುಗ ಅದರಡಿ ಹಿಮವನ್ನಿಟ್ಟು ನೋಡಿದ, ಸಿಕ್ಕಿಬಿದ್ದ. ಮೊದಮೊದಲು ಕಂಡದ್ದನ್ನು ಕೈಯಲ್ಲಿ ಬರೆದುಕೊಳ್ಳಲು ಹೊರಟ. ಅರ್ಧ ಬರೆಯುವಷ್ಟರಲ್ಲಿ ಹರಳು ಮಾಯ. ಇದು ಒಂದು ದಿನದ ಸೋಲಲ್ಲ, ಚಳಿಗಾಲದಿಂದ ಚಳಿಗಾಲಕ್ಕೆ ಮುಂದುವರಿದ ಸೋಲು. ಕೊನೆಗೆ ಒಂದು ತಿದಿ ಕ್ಯಾಮೆರಾ ಕೊಡಿಸಿ ಎಂದು ಅಪ್ಪನನ್ನು ಕೇಳಿದ. ಹೊಲ, ಹಸು ನೋಡಿಕೊಳ್ಳುವ ಮನೆಗೆ ಅದು ಸಣ್ಣ ದುಡ್ಡಲ್ಲ. ಹಿಮದ ಚೂರಿನ ಹಿಂದೆ ಬೀಳುವುದು ಹುಚ್ಚು ಎಂದು ನಂಬಿದ್ದ ಅಪ್ಪ, ಆದರೂ ಕೊಡಿಸಿದರು. ನಂಬದೆಯೂ ಕೊಡಿಸುವ ಆ ಅಪ್ಪನ ಬಗ್ಗೆ ನನಗೆ ಬಹಳ ಗೌರವ.

ಕ್ಯಾಮೆರಾವನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸುವ ಬಗೆಯನ್ನು ಅವನಿಗೆ ಹೇಳಿಕೊಡುವವರಿರಲಿಲ್ಲ. ತಪ್ಪು ಮಾಡುತ್ತ, ತಿದ್ದುತ್ತ, 1885ರ ಜನವರಿ 15ರಂದು ಮೊದಲ ಹರಳಿನ ಚಿತ್ರವನ್ನು ಗಾಜಿನ ಪ್ಲೇಟಿನ ಮೇಲೆ ಹಿಡಿದ. ಆಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಕೆಲಸದ ರೀತಿ ಹೀಗೆ. ಬೆಂಕಿ ಹಾಕದ, ಹೊರಗಿನಷ್ಟೇ ಚಳಿಯಿರುವ ಕೊಟ್ಟಿಗೆ. ಕಪ್ಪು ಹಲಗೆಯನ್ನು ಬೀಳುವ ಹಿಮಕ್ಕೆ ಒಡ್ಡಬೇಕು. ಮೇಲೆ ಕೂತ ನೂರಾರು ಹರಳುಗಳಲ್ಲಿ ಒಂದನ್ನು ಆಯ್ದು ಪೊರಕೆಕಡ್ಡಿಯ ಸಿಬಿರಿನಲ್ಲಿ ಎತ್ತಬೇಕು. ಗಾಜಿನ ಮೇಲಿಟ್ಟು ಹಕ್ಕಿಯ ಗರಿಯಿಂದ ಮೆಲ್ಲಗೆ ಒತ್ತಬೇಕು. ಇಷ್ಟು ಹೊತ್ತೂ ಉಸಿರು ಬಿಗಿಹಿಡಿಯಬೇಕು. ಕಿಟಕಿಯ ಬೆಳಕು ಹರಳಿನ ಬೆನ್ನಿನಿಂದ ಹಾದು ಪ್ಲೇಟಿಗೆ ಬೀಳಬೇಕು. ತಡವಾದರೆ, ಕರಗದಿದ್ದರೂ ಹರಳು ಆವಿಯಾಗಿ ಅಂಚುಗಳು ಸವೆಯುತ್ತವೆ. ನಾವು ಬೆರಗಿನಿಂದ ಉಸಿರು ಬಿಗಿಹಿಡಿದೆವು ಎನ್ನುತ್ತೇವೆ. ಬೆಂಟ್ಲಿಗೆ ಅದು ದಿನದ ದುಡಿಮೆ.

ಈ ದುಡಿಮೆ ನಲವತ್ತಾರು ಚಳಿಗಾಲ ನಡೆಯಿತು. ತೆಗೆದ ಚಿತ್ರಗಳು 5,000ಕ್ಕೂ ಹೆಚ್ಚು. ಕೇಳಿದವರಿಗೆ ಐದು ಸೆಂಟಿಗೊಂದರಂತೆ ಪ್ರತಿ ಮಾಡಿ ಕಳಿಸುತ್ತಿದ್ದ. ಕಾಲೇಜುಗಳು, ಒಡವೆಯ ವಿನ್ಯಾಸಗಾರರು, ನೇಕಾರರು ಕೊಂಡರು. ಊರಿನವರಿಗೆ ಮಾತ್ರ ಅವನು ಕಡೆತನಕ ವಿಚಿತ್ರ ಮನುಷ್ಯ. 1931ರ ಕೊನೆಯಲ್ಲಿ ಹವಾಮಾನ ವಿಜ್ಞಾನಿ ಡಬ್ಲ್ಯು. ಜೆ. ಹಂಫ್ರೀಸ್ ಜೊತೆಗೂಡಿ 2,400ಕ್ಕೂ ಮಿಕ್ಕ ಚಿತ್ರಗಳ ಪುಸ್ತಕ ಅಚ್ಚಾಯಿತು. ಅದಾದ ಕೆಲವೇ ವಾರಗಳಲ್ಲಿ ಹಿಮಗಾಳಿಯಲ್ಲಿ ಮೈಲುಗಟ್ಟಲೆ ನಡೆದು ಮನೆ ಸೇರಿದ ಬೆಂಟ್ಲಿ ನ್ಯುಮೋನಿಯಾದಿಂದ ಡಿಸೆಂಬರ್ 23ರಂದು ತೀರಿಕೊಂಡ.

ಇಲ್ಲಿಗೆ ಕಥೆ ಮುಗಿಸಿದರೆ ಸೊಗಸಾಗಿರುತ್ತದೆ. ಆದರೆ ಈ ಚಿತ್ರದ ಬಗ್ಗೆ ಇನ್ನೊಂದು ಸತ್ಯ ಹೇಳದೆ ಮುಂದೆ ಹೋಗಲಾರೆ.

ಪರದೆಯ ಕಡೆ ಮತ್ತೊಮ್ಮೆ ನೋಡಿ. ಹಿನ್ನೆಲೆ ಅಚ್ಚಗಪ್ಪು. ಹಿಮ ಪಾರದರ್ಶಕ, ಬೆಳಕು ಬೆನ್ನಿಂದ ಬರುತ್ತಿದೆ. ಹಾಗಾದರೆ ಹಿನ್ನೆಲೆ ಬೆಳ್ಳಗಿರಬೇಕಲ್ಲವೆ? ಮೂಲದಲ್ಲಿ ಇದ್ದದ್ದು ಹಾಗೆಯೇ. ಬಿಳಿಯ ಮೇಲೆ ಬೂದಿ ಬಣ್ಣದ, ಅಷ್ಟೇನೂ ಕಣ್ಣಿಗೆ ಹೊಡೆಯದ ಚಿತ್ರ. ಬೆಂಟ್ಲಿ ನೆಗೆಟಿವ್‌ನ ಇನ್ನೊಂದು ಪ್ರತಿ ಮಾಡಿಕೊಂಡು, ಹರಳಿನ ಅಂಚಿನ ಗುಂಟ ಹೊರಗಿನ ಲೇಪವನ್ನೆಲ್ಲ ಚಾಕುವಿನ ಮೊನೆಯಿಂದ ಗಂಟೆಗಟ್ಟಲೆ ಕೆರೆದು ತೆಗೆಯುತ್ತಿದ್ದ. ಆಗ ಹಿನ್ನೆಲೆ ಕಪ್ಪಾಗಿ ಹರಳು ಎದ್ದು ಕಾಣುತ್ತಿತ್ತು. ಈ ಕೆರೆತ ಅಂಚನ್ನೂ ತಿದ್ದಿತೇ ಎಂಬ ಆಕ್ಷೇಪ ಬರದಿರುತ್ತದೆಯೆ? ಬಂತು. ಜರ್ಮನಿಯ ಹವಾಮಾನ ವಿಜ್ಞಾನಿ ಗುಸ್ತಾಫ್ ಹೆಲ್‌ಮಾನ್ ಅವರ ಜೊತೆಗಾರ ರಿಚರ್ಡ್ ನೊಯ್‌ಹೌಸ್ ತೆಗೆದ ಹರಳುಗಳಲ್ಲಿ ಒಂದು ತೋಳು ಗಿಡ್ಡ, ಇನ್ನೊಂದು ಮುರಿದದ್ದು. ಬೆಂಟ್ಲಿಯ ಹರಳುಗಳೋ ಅಕ್ಕಸಾಲಿಗ ತೂಗಿ ಮಾಡಿದ ಹಾಗೆ. ಯಾವುದು ನಿಜ?

ನನ್ನ ತಿಳಿವಿನಲ್ಲಿ ಬೆಂಟ್ಲಿ ಸುಳ್ಳು ಹೇಳಿದವನಲ್ಲ. ಅವನು ಆರಿಸಿದ. ನೂರರಲ್ಲಿ ಚೆಂದವಾದ ಒಂದನ್ನು ಎತ್ತಿ ತೊಂಬತ್ತೊಂಬತ್ತನ್ನು ಗರಿಯಿಂದ ಗುಡಿಸಿದ. ಚೆಂದವನ್ನು ಹುಡುಕುವ ಕಣ್ಣಿಗೆ ಚೆಂದವೇ ಸಿಕ್ಕಿತು. ಬೆರಗು ಮೊದಲು ಹುಟ್ಟುವುದೇ ಹೀಗೆ, ಪರಿಪೂರ್ಣವಾದದ್ದರ ಎದುರು. ಅದು ತಪ್ಪಲ್ಲ. ಆದರೆ ಅದು ಅರ್ಧ. ಉಳಿದರ್ಧಕ್ಕೆ ಜಗತ್ತಿನ ಇನ್ನೊಂದು ತುದಿಯಲ್ಲಿ ಇನ್ನೊಬ್ಬ ಮನುಷ್ಯ ಬರಬೇಕಾಯಿತು. ಅಲ್ಲಿಗೆ ಹೋಗುವ ಮುನ್ನ ಒಂದು ಹಳೆಯ ಪ್ರಶ್ನೆ.

ಅದು ಪ್ರಾಗ್ ನಗರದಲ್ಲಿ ಹುಟ್ಟಿದ ಪ್ರಶ್ನೆ. ಗ್ರಹಗಳ ದಾರಿ ವೃತ್ತವಲ್ಲ ಎಂದು ಕಂಡುಕೊಂಡ ಯೊಹಾನಸ್ ಕೆಪ್ಲರ್ ಅಲ್ಲಿನ ಚಕ್ರವರ್ತಿಯ ಗಣಿತಜ್ಞ. 1611ರಲ್ಲಿ ತನ್ನ ಆಶ್ರಯದಾತನಿಗೆ ಹೊಸ ವರ್ಷದ ಕಾಣಿಕೆಯಾಗಿ ಅವನು ಕೊಟ್ಟದ್ದು ಲ್ಯಾಟಿನ್‌ನ ಒಂದು ಚಿಕ್ಕ ಹೊತ್ತಗೆ. ದಾರಿಯಲ್ಲಿ ಅಂಗಿಯ ಮೇಲೆ ಬಿದ್ದ ಹಿಮವೇ ಅದರ ವಸ್ತು. ಹಿಮಕ್ಕೆ ಮೂಲೆ ಆರೇ ಯಾಕೆ? ಐದು ಯಾಕಲ್ಲ, ಏಳು ಯಾಕಲ್ಲ? ಚೀನಾದವರು ಕ್ರಿಸ್ತಪೂರ್ವದಲ್ಲೇ ಹಿಮಕ್ಕೆ ಆರು ದಳ ಎಂದು ಗುರುತಿಸಿದ್ದರು. ಯಾಕೆ ಎಂದು ಹೀಗೆ ಪಟ್ಟು ಹಿಡಿದು ಕೇಳಿದವನು ಕೆಪ್ಲರ್. ಜೇನುಹುಟ್ಟನ್ನು ನೋಡಿದ, ದಾಳಿಂಬೆಯ ಕಾಳನ್ನು ನೋಡಿದ. ಒಂದೇ ಗಾತ್ರದ ಗುಂಡುಗಳನ್ನು ಜಾಗ ಪೋಲಾಗದಂತೆ ಒತ್ತೊತ್ತಾಗಿ ಜೋಡಿಸುವುದು ಹೇಗೆ ಎಂದು ಯೋಚಿಸಿದ. ನಮ್ಮ ಸಂತೆಯಲ್ಲಿ ಕಿತ್ತಳೆ ಹಣ್ಣನ್ನು ಗೋಪುರವಾಗಿ ಪೇರಿಸುತ್ತಾರಲ್ಲ, ಹಾಗೆ ಪೇರಿಸುವುದಕ್ಕಿಂತ ಅಡಕವಾದ ಜೋಡಣೆ ಇಲ್ಲ ಎಂದ. ಸಂತೆಯ ಹಣ್ಣಿನವರಿಗೆ ಗೊತ್ತಿದ್ದ ಈ ಮಾತನ್ನು ಗಣಿತದಲ್ಲಿ ಸಾಧಿಸಿ ತೋರಿಸಲು 1998ರಲ್ಲಿ ಥಾಮಸ್ ಹೇಲ್ಸ್ ಬರಬೇಕಾಯಿತು, ಅದೂ ಕಂಪ್ಯೂಟರಿನ ನೆರವಿನಿಂದ. ಅಷ್ಟೆಲ್ಲ ಮಾಡಿಯೂ ಹಿಮದ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಕೆಪ್ಲರ್ ಹೇಳಿಕೊಳ್ಳಲಿಲ್ಲ. ಮುಂದಿನವರಿಗೆ ಬಿಟ್ಟ.

ಈಗ ಅಮ್ಮನ ಸಂದುಚುಕ್ಕಿಗೆ ಬರುತ್ತೇನೆ. ಒಂದು ಸಾಲಿನ ಸಂದಿನಲ್ಲಿ ಮುಂದಿನ ಸಾಲಿನ ಚುಕ್ಕಿ ಇಟ್ಟರೆ ಪ್ರತಿ ಚುಕ್ಕಿಯ ಸುತ್ತಲೂ ಆರು ಚುಕ್ಕಿ ಬಂದು ನಿಲ್ಲುತ್ತವೆ. ಕಿತ್ತಳೆಯ ರಾಶಿಯ ಒಂದು ಪದರವೂ ಹೀಗೆಯೇ ಕೂರಬಹುದು. ನೀರಿನ ಅಣುವಿಗೆ ಅದರದೇ ಆದ ಒಂದು ಹಟವಿದೆ. ಹೆಪ್ಪುಗಟ್ಟುವಾಗ ಅದು ಸುತ್ತಲಿನ ನಾಲ್ಕು ಅಣುಗಳ ಕೈ ಮಾತ್ರ ಹಿಡಿಯುತ್ತದೆ, ಅದೂ ಗೊತ್ತಾದ ಓರೆಯಲ್ಲಿ. ಹೀಗೆ ಕೈಹಿಡಿದು ನಿಂತ ಅಣುಗಳು ಆರಾರು ಸೇರಿ ಬಳೆಗಳಾಗುತ್ತವೆ, ಬಳೆಗೆ ಬಳೆ ಕೂಡಿ ಹಾಸಾಗುತ್ತದೆ. 1912ರ ನಂತರ ಎಕ್ಸ್ ಕಿರಣಗಳಿಂದ ಹರಳುಗಳ ಒಳಗನ್ನು ನೋಡುವುದು ಸಾಧ್ಯವಾದ ಮೇಲೆ ಇದು ತಿಳಿಯಿತು. ಅದೂ ಒಂದು ಬಗೆಯ ಛಾಯಾಚಿತ್ರವೇ. ಕಣ್ಣಿಗೆ ಕಾಣದ ಬಳೆಗೆ ಆರು ಮೂಲೆ, ಆದ್ದರಿಂದ ಕಣ್ಣಿಗೆ ಕಾಣುವ ಹರಳಿಗೂ ಆರು ಮೂಲೆ. ಅಂಗಳದಲ್ಲಿ ಚುಕ್ಕಿಗಳ ಜೋಡಣೆಯೇ ಹೂವಿನ ಆಕಾರವನ್ನು ನಿರ್ಧರಿಸುತ್ತದಲ್ಲ, ಹಾಗೆ.

ಇನ್ನು ಜಪಾನ್. ಅಲ್ಲಿ ಹಿಮ ನೋಡುವ ಸಂಸ್ಕೃತಿಯೇ ಹಳೆಯದು. ಕೊಗಾ ಎಂಬ ಸಂಸ್ಥಾನದ ಒಡೆಯ ದೊಯಿ ತೊಶಿತ್ಸುರಾ ಡಚ್ಚರಿಂದ ಬಂದ ಸೂಕ್ಷ್ಮದರ್ಶಕದಲ್ಲಿ ವರ್ಷಗಟ್ಟಲೆ ಹಿಮ ನೋಡಿ, ಬರೆದ ಚಿತ್ರಗಳನ್ನು 1832ರಲ್ಲಿ ಪುಸ್ತಕ ಮಾಡಿಸಿದ. ಆ ಹರಳುಗಳು ಪುಸ್ತಕದಿಂದ ಕಿಮೊನೊಗಳ ಸೆರಗಿಗೂ ಚಹಾ ಬಟ್ಟಲಿಗೂ ನಡೆದವು. ಅಮ್ಮನ ಅಂಗಳಕ್ಕೆ ಬಂದ ಹಾಗೆಯೇ.

ನಾನು ಹೇಳಹೊರಟ ಮನುಷ್ಯ ಉಕಿಚಿರೊ ನಕಾಯ. 1900ರಲ್ಲಿ ಹುಟ್ಟಿದವರು. ಟೋಕಿಯೊದಲ್ಲಿ ಭೌತವಿಜ್ಞಾನ ಓದಿ, ಲಂಡನ್ನಿನಲ್ಲಿ ಎಕ್ಸ್ ಕಿರಣಗಳ ಮೇಲೆ ಕೆಲಸ ಮಾಡಿ, 1930ರಲ್ಲಿ ಉತ್ತರದ ಹೊಕ್ಕೈಡೊ ವಿಶ್ವವಿದ್ಯಾಲಯಕ್ಕೆ ಬಂದರು. ತಾವು ಕಲಿತ ವಿಷಯ ಮುಂದುವರಿಸಲು ಬೇಕಾದ ಉಪಕರಣ ಅಲ್ಲಿರಲಿಲ್ಲ. ಇದ್ದದ್ದು ಹಿಮ, ಬೇಕಾದಷ್ಟು. ಬೆಂಟ್ಲಿಯ ಪುಸ್ತಕ ಕೈಸೇರಿತು. ಇಲ್ಲದ್ದಕ್ಕೆ ಕೊರಗದೆ ಇದ್ದದ್ದನ್ನೇ ನೋಡಲು ಕೂತರು. ತೊಕಾಚಿ ಬೆಟ್ಟದ ಮರದ ಗುಡಿಸಲಿನಲ್ಲಿ ಚಳಿಗಾಲಗಳನ್ನು ಕಳೆದು ಸುಮಾರು 3,000 ಹರಳುಗಳ ಚಿತ್ರ ತೆಗೆದರು. ಆದರೆ ಬೆಂಟ್ಲಿ ಗುಡಿಸಿದ್ದನ್ನು ನಕಾಯ ಗುಡಿಸಲಿಲ್ಲ. ಸೂಜಿಯಂಥದು, ಸೀಸದಕಡ್ಡಿಯಂಥದು, ಎರಡು ತುದಿಗೂ ಮುಚ್ಚಳವಿರುವ ಕಂಬದಂಥದು, ಮುರಿದದ್ದು, ಒಂದಕ್ಕೊಂದು ಮೆತ್ತಿಕೊಂಡದ್ದು, ರೂಪವೇ ಇಲ್ಲದ್ದು, ಎಲ್ಲವನ್ನೂ ಹಿಡಿದು 41 ಬಗೆಗಳಾಗಿ ವಿಂಗಡಿಸಿದರು. ಜಗತ್ತಿನಲ್ಲಿ ಬೀಳುವ ಹಿಮದಲ್ಲಿ ಹೆಚ್ಚಿನದು ಹೂವಲ್ಲ ಎಂಬುದು ಆಗ ಸ್ಪಷ್ಟವಾಯಿತು. ಪ್ರಶ್ನೆಯೂ ಬದಲಾಯಿತು. ಹೂವಿನ ಚೆಂದ ಒಂದು ಕಡೆಗಿರಲಿ. ಒಂದು ಹರಳು ಹೂವಾಗಿ, ಪಕ್ಕದ್ದು ಸೂಜಿಯಾಗಿ ಬೆಳೆಯುವುದು ಯಾಕೆ?

ಉತ್ತರ ಬೇಕಿದ್ದರೆ ಹಿಮವನ್ನು ತಾನೇ ಬೆಳೆಸಬೇಕು. ಚಳಿ ಕೋಣೆಯಲ್ಲಿ ಗಾಜಿನ ಕೊಳವೆಯೊಳಗೆ ಕೊಳವೆ, ತಳದಲ್ಲಿ ಬೆಚ್ಚಗಿನ ನೀರು, ಮೇಲೇರುವ ಆವಿ, ಮೇಲೆ ಇಳಿಬಿಟ್ಟ ಎಳೆ. ಹತ್ತಿ ಎಳೆಯಲ್ಲಿ ಆಗಲಿಲ್ಲ. ರೇಷ್ಮೆ, ಉಣ್ಣೆ, ಜೇಡರ ಬಲೆಯ ನೂಲು, ಯಾವುದರಲ್ಲೂ ಆಗಲಿಲ್ಲ. ಎಳೆಯ ಉದ್ದಕ್ಕೂ ಇಬ್ಬನಿ ಕಂಬಳಿಹುಳುವಿನಂತೆ ಮೆತ್ತಿಕೊಳ್ಳುತ್ತಿತ್ತು. ಕೊನೆಗೆ ಕೆಲಸಕ್ಕೆ ಬಂದದ್ದು ಮೊಲದ ಕೂದಲು. ಅದರ ಮೇಲೆ ಅಲ್ಲಲ್ಲಿ ಸಣ್ಣ ಗಂಟುಗಳಿರುತ್ತವೆ, ಒಂದೊಂದು ಗಂಟೂ ಒಂದೊಂದು ಹರಳಿಗೆ ಬೀಜ. 1936ರ ಮಾರ್ಚ್ 12ರಂದು ಮನುಷ್ಯ ಬೆಳೆಸಿದ ಮೊದಲ ಹಿಮದ ಹರಳು ಮೊಲದ ಕೂದಲಿನ ತುದಿಯಲ್ಲಿ ಅರಳಿತು.

ಆಮೇಲೆ ತಾಪವನ್ನೂ ತೇವವನ್ನೂ ಏರಿಳಿಸಿ ನೋಡುತ್ತ ಹೋದರು. ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ ಚಪ್ಪಟೆ ಬಿಲ್ಲೆ. ಐದು ಡಿಗ್ರಿ ಕೆಳಗೆ ಸೂಜಿ, ಕಂಬ. ಹದಿನೈದರ ಹತ್ತಿರ ಮತ್ತೆ ಚಪ್ಪಟೆ. ಆಗ ಗಾಳಿಯಲ್ಲಿ ತೇವವೂ ಹೇರಳವಾಗಿದ್ದರೆ ನಮ್ಮ ಆರು ದಳದ ಹೂ. ಇನ್ನೂ ತಣ್ಣಗಾದರೆ ಮತ್ತೆ ಕಂಬ. ಬಿಲ್ಲೆಯ ಮೂಲೆಗಳು ತೇವದ ಗಾಳಿಯೊಳಕ್ಕೆ ತುಸು ಮುಂದೆ ಚಾಚಿರುವುದರಿಂದ ಅವಕ್ಕೆ ಆವಿ ಬೇಗ ಸಿಗುತ್ತದೆ, ಬೇಗ ಬೆಳೆಯುತ್ತವೆ, ಬೆಳೆದಷ್ಟೂ ಇನ್ನೂ ಮುಂದೆ ಚಾಚುತ್ತವೆ. ಹೀಗೆ ಆರು ಮೂಲೆ ಆರು ತೋಳಾಗುತ್ತದೆ. ಒಂದು ತೋಳಿಗೆ ಇನ್ನೊಂದು ತೋಳಿನ ಸುದ್ದಿ ತಿಳಿಯದು. ಆದರೂ ಆರೂ ಒಂದೇ ತೆರ, ಯಾಕೆಂದರೆ ಆರೂ ಒಂದೇ ಮೋಡದೊಳಗೆ ಒಂದೇ ದಾರಿ ಹಿಡಿದು, ಒಂದೇ ಚಳಿಯನ್ನು ಒಂದೇ ಗಳಿಗೆಯಲ್ಲಿ ಉಂಡು ಬಂದಿವೆ. ಪಕ್ಕದ ಹರಳಿನ ದಾರಿ ಬೇರೆ, ರೂಪ ಬೇರೆ.

ಅಂದರೆ ಕೆಳಗೆ ಬಿದ್ದ ಹರಳನ್ನು ನೋಡಿ ಅದು ಮೇಲೆ ಎಲ್ಲೆಲ್ಲಿ ಅಲೆದಾಡಿ ಬಂತೆಂದು ಹೇಳಬಹುದು. ನಡುವೆ ಬಿಲ್ಲೆ, ಅಂಚಿಗೆ ಗರಿ: ಮೊದಲು ಒಣ ಗಾಳಿಯಲ್ಲಿತ್ತು, ಆಮೇಲೆ ತೇವಕ್ಕೆ ಇಳಿಯಿತು. ನಕಾಯ ಹಿಮದ ಹರಳನ್ನು ಮುಗಿಲಿನಿಂದ ಬಂದ ಕಾಗದಕ್ಕೆ ಹೋಲಿಸಿದ್ದು ಇದಕ್ಕಾಗಿ. ಆ ಹೋಲಿಕೆ ಕಾವ್ಯದಂತೆ ಕೇಳುತ್ತದೆ. ಆದರೆ ಅದು ಅವರು ನಿಜಕ್ಕೂ ಓದಿದ ಕಾಗದ. ಮುರಿದ ಹರಳನ್ನೂ ಓದಿದ್ದರಿಂದ ಸಿಕ್ಕಿದ ಲಿಪಿ. ವಿವರಿಸಿಬಿಟ್ಟರೆ ಬೆರಗು ಹೋಗುತ್ತದೆ ಎನ್ನುವವರಿಗೆ ನಾನು ಯಾವಾಗಲೂ ನಕಾಯ ಅವರನ್ನು ತೋರಿಸುತ್ತೇನೆ. ಬೆಲ್ಲದ ಹಾಳೆ ಬಿಡಿಸಿದ ದಿನಕ್ಕಿಂತ ಈ ವಿಷಯ ಓದಿದ ದಿನ ನಾನು ಹೆಚ್ಚು ಹೊತ್ತು ಸುಮ್ಮನೆ ಕೂತಿದ್ದೆ. ಅಂದಹಾಗೆ ಅವರ ಮಗಳು ಫುಜಿಕೊ ನಕಾಯ ಮಂಜಿನಿಂದಲೇ ಶಿಲ್ಪ ಮಾಡುವ ಕಲಾವಿದೆಯಾಗಿ ಹೆಸರಾದರು. 1970ರ ಒಸಾಕಾ ಪ್ರದರ್ಶನದಲ್ಲಿ ಒಂದು ಮಂಟಪವನ್ನೇ ಮಂಜಿನಲ್ಲಿ ಮುಳುಗಿಸಿದರು. ಅಪ್ಪ ಆವಿಯನ್ನು ಹರಳು ಮಾಡಿದರು, ಮಗಳು ಅದನ್ನು ಹಾಗೆಯೇ ತೇಲಬಿಟ್ಟರು.

ಎಲ್ಲ ತಿಳಿದುಬಿಟ್ಟಿತೇ ಎಂದರೆ ಇಲ್ಲ. ತಾಪ ಇಳಿದಂತೆ ಬಿಲ್ಲೆ ಕಂಬವಾಗಿ, ಕಂಬ ಬಿಲ್ಲೆಯಾಗಿ, ಬಿಲ್ಲೆ ಮತ್ತೆ ಕಂಬವಾಗುವುದು ಯಾಕೆಂಬುದು ಇಂದಿಗೂ ಪೂರ್ತಿ ಬಿಡಿಸದ ಒಗಟು. ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್‌ನಲ್ಲಿ ಕೆನೆತ್ ಲಿಬ್‌ಬ್ರೆಕ್ಟ್ ಎಂಬ ಭೌತವಿಜ್ಞಾನಿ ಇದರ ಬೆನ್ನುಬಿದ್ದಿದ್ದಾರೆ. ಅವರ ಚಿತ್ರಗಳು 2006ರಲ್ಲಿ ಅಮೆರಿಕದ ಅಂಚೆಚೀಟಿಯಾದವು. ಅಕ್ಕಪಕ್ಕದ ಎರಡು ಹರಳುಗಳಿಗೆ ಒಂದೇ ಚಳಿ, ಒಂದೇ ತೇವ ಉಣಿಸಿ ಅವಳಿಗಳನ್ನು ಬೆಳೆಸಿ ತೋರಿಸಿದವರೂ ಅವರೇ.

ಇಷ್ಟೂ ಹೊತ್ತು ಸಭೆಯಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಮಾತು ಎದ್ದಿರಬಹುದು. ವರ್ಮಾಂಟಿನ ಹಿಮ, ಹೊಕ್ಕೈಡೊದ ಹಿಮ, ನಮಗೇನು? ಚಿತ್ರದಲ್ಲಿ ನೋಡಿ ಬೆರಗಾಗಬಹುದು, ಅಷ್ಟೇ ತಾನೆ? ನಾನೂ ಬಹಳ ವರ್ಷ ಹಾಗೇ ತಿಳಿದಿದ್ದೆ.

2021ರ ಮೇ 24ನ್ನು ನೆನಪಿಸಿಕೊಳ್ಳಿ. ಕೋವಿಡ್ಡಿನ ಲಾಕ್‌ಡೌನ್. ಬೆಂಗಳೂರಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಸೂರ್ಯನ ಸುತ್ತ ದೊಡ್ಡ ಬೆಳಕಿನ ಬಳೆ. ಬಾಗಿಲು ಹಾಕಿಕೊಂಡು ಕೂತಿದ್ದ ಊರು ತಾರಸಿಗೆ ಬಂತು, ಬಾಲ್ಕನಿಗೆ ಬಂತು, ಫೋನೆತ್ತಿ ಚಿತ್ರ ತೆಗೆಯಿತು. ಅಷ್ಟು ಭಯದ ದಿನಗಳಲ್ಲಿ ಒಂದಿಡೀ ನಗರ ಒಟ್ಟಾಗಿ ತಲೆಯೆತ್ತಿ ನೋಡಿದ್ದು ನನಗೆ ಮರೆಯಲಾಗದ್ದು. ಆ ಬಳೆ ಏನು? ಬಹಳ ಎತ್ತರದಲ್ಲಿ ತೆಳುವಾಗಿ ಹರಡಿದ ಮೋಡದೊಳಗಿನ ಹಿಮದ ಹರಳುಗಳು. ಆರು ಮೈಯ ಕಂಬದಂಥವು. ಸೂರ್ಯನ ಬೆಳಕು ಒಂದು ಮೈಯಿಂದ ಒಳಹೊಕ್ಕು ಒಂದು ಬಿಟ್ಟು ಒಂದರಿಂದ ಹೊರಬರುವಾಗ ಸುಮಾರು 22 ಡಿಗ್ರಿ ಬಾಗುತ್ತದೆ. ಹಾಗಾಗಿ ಸೂರ್ಯನಿಂದ 22 ಡಿಗ್ರಿ ದೂರದಲ್ಲಿ ಬಳೆ. ತೋಳನ್ನು ಪೂರ್ತಿ ಚಾಚಿ ಹೆಬ್ಬೆರಳು ಕಿರುಬೆರಳು ಅಗಲಿಸಿದರೆ ಎಷ್ಟೋ ಅಷ್ಟು, ಒಂದು ಗೇಣು. ಹೆಬ್ಬೆರಳಿನಿಂದ ಸೂರ್ಯನನ್ನು ಮುಚ್ಚಿ ಅಳೆಯಬೇಕು, ಬರಿಗಣ್ಣಿನಲ್ಲಿ ಸೂರ್ಯನನ್ನು ನೋಡಬಾರದು. ಅಂದು ಬೆಂಗಳೂರಿನ ಫೋನುಗಳೆಲ್ಲ ತೆಗೆದದ್ದು ಕೆಪ್ಲರನ ಆರು ಮೂಲೆಯ ಚಿತ್ರವನ್ನು. ಅವು ಬೇರೆ ಆಕಾರದ ಹರಳುಗಳಾಗಿದ್ದರೆ ಬಳೆ ಇನ್ನೆಲ್ಲೋ ಇರುತ್ತಿತ್ತು. ಬೆಳದಿಂಗಳಿನಲ್ಲಿ ಚಂದ್ರನ ಸುತ್ತ ಕಾಣುವ ಅಷ್ಟೇ ದೊಡ್ಡ ಬಳೆಯೂ ಇದೇ.

ಇನ್ನೂ ಹತ್ತಿರಕ್ಕೆ ಬರೋಣ. ನಮ್ಮ ಬಯಲುಸೀಮೆಗೆ ಅಶ್ವಿನಿ, ಭರಣಿ ಮಳೆಗಳು ಬರುವುದು ಗುಡುಗು ಸಿಡಿಲಿನ ಜೊತೆಗೆ. ಏಪ್ರಿಲ್, ಮೇ ತಿಂಗಳ ಸಂಜೆ ಪಡುವಣದಲ್ಲಿ ಎದ್ದು ನಿಲ್ಲುವ ಆ ಕರಿಮೋಡ ಹತ್ತು ಹನ್ನೆರಡು ಕಿಲೋಮೀಟರಿಗೂ ಮೀರಿ ಬೆಳೆಯುತ್ತದೆ. ಆ ಕಾಲದಲ್ಲಿ ನಮ್ಮ ತಲೆಯ ಮೇಲೆ ಸುಮಾರು ಐದು ಕಿಲೋಮೀಟರಿಗೆ ಗಾಳಿಯ ತಾಪ ಸೊನ್ನೆಗೆ ಇಳಿದಿರುತ್ತದೆ. ಅಂದರೆ ಮೋಡದ ಅರ್ಧಕ್ಕೂ ಹೆಚ್ಚು ಭಾಗ ಹಿಮದ ನಾಡು. ಅಲ್ಲಿ ಹರಳುಗಳು ಬೆಳೆಯುತ್ತವೆ, ಹನಿಗಳನ್ನು ಮೈಗಂಟಿಸಿಕೊಂಡು ಉಂಡೆಗಳಾಗುತ್ತವೆ, ಬೀಳುತ್ತ ಕರಗುತ್ತವೆ. ಆ ಉಂಡೆಗಳಿಗೂ ಹರಳುಗಳಿಗೂ ಆಗುವ ತಿಕ್ಕಾಟದಲ್ಲೇ ವಿದ್ಯುತ್ತು ಬೇರ್ಪಟ್ಟು ಮಿಂಚು ಹುಟ್ಟುವುದು. ಹಿಮವಿಲ್ಲದೆ ನಮ್ಮ ಭರಣಿ ಮಳೆಗೆ ಗುಡುಗೇ ಇರುತ್ತಿರಲಿಲ್ಲ. ಕರಗದೆ ಉಳಿದವು ಅಂಗಳಕ್ಕೆ ಬಿದ್ದಾಗ ನಾವು ಆಲಿಕಲ್ಲು ಎಂದು ಆಯ್ದು ಬಾಯಿಗೆ ಹಾಕಿಕೊಂಡೆವು. ದೊಡ್ಡ ಆಲಿಕಲ್ಲನ್ನು ಅಡ್ಡ ಕೊಯ್ದು ನೋಡಿ, ಈರುಳ್ಳಿಯಂತೆ ಪದರ ಪದರ. ಒಂದೊಂದು ಪದರವೂ ಅದು ಮೋಡದೊಳಗೆ ಹಾದುಬಂದ ಒಂದೊಂದು ನೆಲೆಯ ಗುರುತು. ಮಲೆನಾಡಿನ ಆಷಾಢದ ಜಡಿಮಳೆಯ ಕಥೆ ಬೇರೆ. ಅಲ್ಲಿ ಘಟ್ಟಕ್ಕೆ ತಾಗುವ ಗಿಡ್ಡ ಮೋಡಗಳು ಬಹುಮಟ್ಟಿಗೆ ಹಿಮದ ಎತ್ತರ ಮುಟ್ಟದೆಯೇ ಸುರಿಯುತ್ತವೆ. ಆಗುಂಬೆಯ ಹನಿಯೂ ಚಳ್ಳಕೆರೆಯ ಹನಿಯೂ ಹುಟ್ಟಿನಿಂದಲೇ ಬೇರೆ.

ಇದನ್ನು ತಿಳಿದ ದಿನ ನನಗೆ ಒಂದು ಲೆಕ್ಕ ತಪ್ಪಿದ್ದು ಗೊತ್ತಾಯಿತು. ಹಿಮ ಬೀಳದ ನಾಡಿನಲ್ಲಿ ಹುಟ್ಟಿದವನು ನಾನು ಎಂದುಕೊಂಡಿದ್ದೆ. ಹಿಮ ಬಾಲ್ಯದಿಂದಲೂ ನನ್ನ ತಲೆಯ ಮೇಲೆ ಬೀಳುತ್ತಲೇ ಇತ್ತು, ಕೊನೆಯ ಕೆಲವು ಕಿಲೋಮೀಟರಿನಲ್ಲಿ ಕರಗಿ.

ಚಿತ್ರಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಇಲ್ಲಿ ಕಾಲೇಜಿನ ಮಕ್ಕಳು ಬಹಳ ಜನ ಇದ್ದೀರಿ. ಈಗ ಬೆರಳು ಆಡಿಸಿದರೆ ಜಗತ್ತಿನ ಚಿತ್ರಗಳೆಲ್ಲ ಬಂದು ಬೀಳುತ್ತವೆ. ಅದು ಒಳ್ಳೆಯದೇ, ನನಗೆ ಅದಕ್ಕಾಗಿ ಬೆಲ್ಲದ ಹಾಳೆ ಬೇಕಾಗಿತ್ತು. ಆದರೆ ಅವುಗಳ ನಡುವೆ ಯಾರೂ ತೆಗೆಯದ, ಯಂತ್ರ ಹೆಣೆದ ಚಿತ್ರಗಳೂ ಬರುತ್ತಿವೆ. ಎಂಟು ದಳದ ಹಿಮದ ಹೂವೂ ಬರುತ್ತದೆ. ಮೋಡ ಅಂಥದನ್ನು ಬೆಳೆಸುವುದಿಲ್ಲ. ಚಿತ್ರ ಕಂಡಾಗ ಇದನ್ನು ಯಾರು, ಎಲ್ಲಿ ನಿಂತು, ಏನು ಮಾಡಿ ಪಡೆದರು ಎಂದು ಕೇಳಿ. ಬೆಂಟ್ಲಿಯ ಚಾಕುವಿನ ಬಗ್ಗೆ ಕೇಳಿದವರಿದ್ದರು, ಆ ಪ್ರಶ್ನೆಯಿಂದ ಹಿಮದ ವಿಜ್ಞಾನಕ್ಕೆ ಒಳಿತೇ ಆಯಿತು. ದಳ ಎಣಿಸಿ. ಇಷ್ಟೇ ನಾನು ಕೇಳಿಕೊಳ್ಳುವುದು.

ಬೆಂಟ್ಲಿ ಹಿಮ ಬೀಳದ ತಿಂಗಳುಗಳಲ್ಲಿ ಏನು ಮಾಡುತ್ತಿದ್ದ ಎಂದು ಹೇಳಿ ಮುಗಿಸುತ್ತೇನೆ. ಅವನು ಮಳೆಹನಿ ಅಳೆಯುತ್ತಿದ್ದ. ಅಗಲವಾದ ತಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟನ್ನು ಒಂದು ಅಂಗುಲದಷ್ಟು ತುಂಬಿ, ಮಳೆಗೆ ಕೆಲವೇ ಸೆಕೆಂಡು ಒಡ್ಡಿ ಒಳಗೆ ತರುತ್ತಿದ್ದ. ಹನಿ ಬಿದ್ದಲ್ಲೆಲ್ಲ ಹಿಟ್ಟು ಪುಟ್ಟ ಉಂಡೆಯಾಗುತ್ತದೆ. ಒಣಗಿದ ಮೇಲೆ ಉಂಡೆಯನ್ನು ಅಳೆದರೆ ಹನಿಯ ಗಾತ್ರ ತಿಳಿಯುತ್ತದೆ. 1904ರಲ್ಲಿ ಅವನು ಇದನ್ನೆಲ್ಲ ಬರೆದು ಪ್ರಕಟಿಸಿದ. ಮಳೆಯ ಹನಿಗಳಲ್ಲಿ ಕೆಲವು ಮೇಲೆ ಹಿಮವಾಗಿದ್ದು ಕರಗಿ ಬಂದವು ಎಂಬ ಊಹೆಯೂ ಅದರಲ್ಲಿತ್ತು. ವಿಜ್ಞಾನಿಗಳು ಅದನ್ನು ಗಮನಿಸಲು ಬಹಳ ವರ್ಷ ಹಿಡಿಯಿತು.

ಕಳೆದ ವರ್ಷ ಭರಣಿ ಮಳೆ ಬಂದ ಸಂಜೆ ಮೊಮ್ಮಗಳೂ ನಾನೂ ಇದನ್ನು ಮಾಡಿ ನೋಡಿದೆವು. ಅಮ್ಮ ರಂಗೋಲಿ ಹಾಕುತ್ತಿದ್ದ ಅಂಗಳವೇ. ಊಟದ ತಟ್ಟೆಯಲ್ಲಿ ಮೈದಾ ಹಿಟ್ಟು. ಮೊದಲ ದಪ್ಪ ಹನಿಗಳು ಬೀಳುತ್ತಿದ್ದ ಹಾಗೆ ಅವಳು ಓಡಿಹೋಗಿ ತಟ್ಟೆ ಹಿಡಿದಳು, ಮೂರೆಣಿಸುವಷ್ಟರಲ್ಲಿ ವಾಪಸು. ಮಾರನೆಯ ದಿನ ಒಣಗಿದ ಹಿಟ್ಟನ್ನು ಜರಡಿಯಲ್ಲಿ ಹಾಕಿದೆವು. ಅಡುಗೆಮನೆಯ ಡಬ್ಬಿಗಳನ್ನು ತಂದು ಪಕ್ಕಪಕ್ಕ ಇಟ್ಟು ಹೋಲಿಸಿದಳು. ರಾಗಿ ಕಾಳಿನಷ್ಟವು ಬಹಳ. ಸಾಸಿವೆಯಷ್ಟವು ಅದಕ್ಕಿಂತ ಕಡಿಮೆ. ಕೊತ್ತಂಬರಿ ಬೀಜದಷ್ಟು ದೊಡ್ಡವು ಮೂರೇ ಮೂರು. ಆ ಮೂರನ್ನು ಅಂಗೈಯಲ್ಲಿಟ್ಟುಕೊಂಡು, ‘ತಾತ, ಇವು ಮೇಲೆ ಹಿಮ ಆಗಿದ್ದವಾ?’ ಎಂದು ಕೇಳಿದಳು. ಆಗಿದ್ದಿರಬಹುದು ಎಂದೆ. ಅವು ಈಗ ಅವಳ ಬೆಂಕಿಪೊಟ್ಟಣದಲ್ಲಿ ಹತ್ತಿಯ ಮೇಲೆ ಮಲಗಿವೆ. ಪೊಟ್ಟಣದ ಮೇಲೆ ತಾರೀಖು ಬರೆದಿದ್ದಾಳೆ.